ಬೆಲುಂ ಗುಹೆಯನ್ನು "ಕಂಡುಹಿಡಿದವರು" ಯಾರು? ಮಗಳಿಗೆ ಏನು ಹೇಳಲಿ?

ತುಂಗಾತೀರ
ಎಲ್ಲರಿಗೂ ನಮಸ್ಕಾರ. ದಸರಾ ರಜೆಯಲ್ಲಿ ಬೆಂಗಳೂರಿನಿಂದ ಬೆಲುಂ ಗುಹೆಗೆ ಹೋಗಿಬಂದೆವು. ಅನಂತಪುರ, ತಾಡಪತ್ರಿ ದಾಟಿ ಕೊಲಿಮಿಗುಂಡ್ಲದ ಹತ್ತಿರ. ಗುಡ್ಡದಲ್ಲಿ ಬಾಯಿ ತೆರೆದ ಗವಿ ಇರುತ್ತದೆ ಅಂದುಕೊಂಡಿದ್ದೆ. ನೋಡಿದರೆ ಬರೀ ಬಯಲು. ಹೊಲದ ನಡುವೆ ದೊಡ್ಡ ಬಾವಿಯಂಥ ಗುಂಡಿ, ಅದರೊಳಗೆ ಮೆಟ್ಟಿಲು. ಇಳಿಯುತ್ತಾ ಹೋದ ಹಾಗೆ ಬಿಸಿಲು ಹಿಂದೆ ಉಳಿಯಿತು, ಬೆನ್ನ ಮೇಲೆ ಬೆವರು ಶುರುವಾಯಿತು. ಗೋಡೆಗಳೆಲ್ಲ ನೀರು ತಿಕ್ಕಿ ತಿಕ್ಕಿ ನುಣುಪಾಗಿವೆ, ಯಾರೋ ಕೈಯಿಂದ ಸವರಿದ ಹಾಗೆ.

ವಿಷಯಕ್ಕೆ ಬರುತ್ತೇನೆ. ಒಳಗೆ ಗೈಡ್ ಹೇಳಿದರು, 1884ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಅನ್ನುವ ಬ್ರಿಟಿಷರು ಈ ಗುಹೆಯನ್ನು ಕಂಡುಹಿಡಿದರು ಅಂತ. ಸ್ವಲ್ಪ ಮುಂದೆ ಹೋಗಿ, ಸಾವಿರಾರು ವರ್ಷಗಳ ಹಿಂದೆ ಬೌದ್ಧ, ಜೈನ ಸನ್ಯಾಸಿಗಳು ಇಲ್ಲಿ ಇದ್ದರು ಅಂದರು. ಏಳನೇ ಕ್ಲಾಸಿನ ನನ್ನ ಮಗಳು ಅಲ್ಲೇ ಕೇಳಿದಳು: "ಅಪ್ಪಾ, ಸನ್ಯಾಸಿಗಳು ಮೊದಲೇ ಬಂದಿದ್ದರಲ್ಲ, ಮತ್ತೆ ಫೂಟ್ ಕಂಡುಹಿಡಿದದ್ದು ಏನು?" ನನಗೆ ಉತ್ತರ ಹೊಳೆಯಲಿಲ್ಲ. ಶಾಲೆಗೆ ಪ್ರಾಜೆಕ್ಟ್ ಬರೆಯಬೇಕಂತೆ. ತಿಳಿದವರು ಹೇಳಿ.

ಕೋಟೆಬಾಗಿಲು
ಊರಿನವರಿಗೆ ಮೊದಲೇ ಗೊತ್ತಿತ್ತು. ಅಷ್ಟೇ ಉತ್ತರ.

ಬಳ್ಳಾರಿಬಂಡೆ
ಅಷ್ಟೇ ಅಲ್ಲ ಸ್ವಾಮಿ. ಫೂಟ್ ಬಗ್ಗೆ ಬಳ್ಳಾರಿಯವನಾಗಿ ನಾಲ್ಕು ಮಾತು ಹೇಳಲೇಬೇಕು.

ಫೂಟ್ ಭಾರತದ ಭೂವೈಜ್ಞಾನಿಕ ಸರ್ವೇಕ್ಷಣೆಗೆ 1858ರಲ್ಲಿ ಸೇರಿದವರು. 1863ರಲ್ಲಿ ಮದರಾಸಿನ ಹತ್ತಿರ ಪಲ್ಲಾವರಂನಲ್ಲಿ ಒಂದು ಕಲ್ಲಿನ ಕೈಕೊಡಲಿ ಅವರ ಕಣ್ಣಿಗೆ ಬಿತ್ತು. ನಮ್ಮ ದೇಶದಲ್ಲಿ ಹಳೇ ಶಿಲಾಯುಗದ ಮನುಷ್ಯ ಇದ್ದ ಅಂತ ಅದರಿಂದ ಗೊತ್ತಾಯಿತು. ಕೆಲಸ ಭೂವಿಜ್ಞಾನದ್ದು, ಆದರೆ ಮನಸ್ಸು ಹಳೇ ಮನುಷ್ಯನ ಹೆಜ್ಜೆ ಹುಡುಕುವುದರಲ್ಲಿ. ನಮ್ಮ ಸಂಗನಕಲ್ಲು ಗುಡ್ಡದ ನವಶಿಲಾಯುಗದ ನೆಲೆಯನ್ನು ಗುರುತಿಸಿದವರೂ ಅವರೇ. ಬಳ್ಳಾರಿಯಲ್ಲಿ ಅವರ ಹೆಸರಲ್ಲೇ ಮ್ಯೂಸಿಯಂ ಇದೆ, ಸಂಗನಕಲ್ಲಿನ ಕಲ್ಲಿನ ಉಪಕರಣಗಳೆಲ್ಲ ಅಲ್ಲಿವೆ. ಮಗಳನ್ನು ಒಮ್ಮೆ ಕರೆದುಕೊಂಡು ಬನ್ನಿ.

1884ರ ಸುಮಾರಿಗೆ ಅವರು ಕರ್ನೂಲು ಸೀಮೆಯ ಗವಿಗಳಲ್ಲಿ ತಿರುಗಿದ್ದು ಯಾಕೆ ಗೊತ್ತಾ? ಯುರೋಪಿನ ಗವಿಗಳಲ್ಲಿ ಹಳೇ ಪ್ರಾಣಿಗಳ ಮೂಳೆ, ಮನುಷ್ಯನ ಉಪಕರಣ ಸಿಕ್ಕಿದ್ದವು. ಇಲ್ಲೂ ಸಿಗಬಹುದು ಅಂತ ಹುಡುಕಲು ಬಂದರು. ಬೇತಂಚೆರ್ಲದ ಹತ್ತಿರದ ಬಿಲ್ಲ ಸುರ್ಗಂ ಗವಿಗಳನ್ನು ಅವರು ಮತ್ತು ಅವರ ಮಗ ಹೆನ್ರಿ ಇಬ್ಬರೂ ಅಗೆಸಿದರು. ರಾಶಿ ರಾಶಿ ಮೂಳೆ ಸಿಕ್ಕಿತು. ಬೆಲುಂ ಆ ಓಡಾಟದಲ್ಲಿ ಅವರ ಟಿಪ್ಪಣಿಗೆ ಬಂತು. ಹೀಗಾಗಿ "ಕಂಡುಹಿಡಿದರು" ಅನ್ನುವುದಕ್ಕಿಂತ "ಬರೆದಿಟ್ಟರು" ಅನ್ನುವುದು ಸರಿ. ಬರೆದಿಡುವುದೂ ಸಣ್ಣ ಕೆಲಸವಲ್ಲ.

ಕೋಟೆಬಾಗಿಲು
ಸಣ್ಣ ಕೆಲಸ ಅಂತ ನಾನೆಲ್ಲಿ ಹೇಳಿದೆ? ಬ್ರಿಟಿಷರು ಬಂದು ನೋಡಿದ ಮೇಲೆಯೇ ನಮ್ಮ ಗವಿ ಹುಟ್ಟಿತು ಅನ್ನುವ ಹಾಗೆ ಮಕ್ಕಳಿಗೆ ಹೇಳಬೇಡಿ ಅಂದೆ.

ಬಳ್ಳಾರಿಬಂಡೆ
ಅದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಇನ್ನೊಂದು ಮಾತು. ಬಿಲ್ಲ ಸುರ್ಗಂ ಬಗ್ಗೆ ಫೂಟ್‌ಗಿಂತ 40 ವರ್ಷ ಮುಂಚೆಯೇ, 1844ರಲ್ಲಿ, ನ್ಯೂಬೋಲ್ಡ್ ಅನ್ನುವ ಸೇನಾಧಿಕಾರಿ ಬರೆದಿದ್ದರು. ಅಲ್ಲಿಗೂ ಫೂಟ್ ಮೊದಲಿಗರಲ್ಲ.

ಸೀಮೆಸೊಸೆ
ನಾನು ಹುಟ್ಟಿದ್ದು ಚಿತ್ರದುರ್ಗದ ಕಡೆ, ಮದುವೆಯಾಗಿ ಬಂದದ್ದು ತಾಡಪತ್ರಿ ಕಡೆಗೆ. ನಮ್ಮತ್ತೆಯ ತವರು ಬೆಲುಂನಿಂದ ನಾಲ್ಕೈದು ಮೈಲಿ. ಈ ಪ್ರಶ್ನೆ ಓದಿ ಅತ್ತೆಯನ್ನೇ ಕೇಳಿದೆ. ಈಗ 74 ವರ್ಷ ಅವರಿಗೆ.

ಅವರು ಚಿಕ್ಕವರಿದ್ದಾಗ ಮೇಕೆ ಹೊಡೆದುಕೊಂಡು ಆ ಕಡೆ ಹೋಗುತ್ತಿದ್ದರಂತೆ. "ಬಿಲಂ ಹತ್ತಿರ ಹೋಗಬೇಡ, ಮೇಕೆ ಬಿದ್ದರೆ ಮತ್ತೆ ಸಿಗಲ್ಲ" ಅಂತ ಅವರಜ್ಜಿ ಹೆದರಿಸುತ್ತಿದ್ದರಂತೆ. ಬಿಲಂ ಅಂದರೆ ನಮ್ಮ ಬಿಲವೇ. ಇಲಿಬಿಲ, ಹಾವಿನ ಬಿಲ ಅನ್ನುತ್ತೇವಲ್ಲ, ಅದೇ. ಬೆಲುಂ ಅನ್ನುವ ಹೆಸರೂ ಅದರಿಂದಲೇ ಬಂದದ್ದು ಅಂತಾರೆ. ಊರಿನ ಹೆಸರೇ ಬಿಲ ಅಂತಿರುವಾಗ ಬೇರೆ ಯಾರೋ ಬಂದು ಬಿಲ ಕಂಡುಹಿಡಿಯುವುದು ಹೇಗೆ, ನೀವೇ ಹೇಳಿ.

ಆದರೆ ಒಳಗೆ ಯಾರೂ ಹೋಗುತ್ತಿರಲಿಲ್ಲ ಅನ್ನುವುದೂ ನಿಜ. ಒಳಗೆ ಹೋದರೆ ಉಸಿರು ಕಟ್ಟುತ್ತದೆ, ದೀಪ ಆರುತ್ತದೆ ಅನ್ನುವ ಭಯ. ಆ ಭಯ ಸುಳ್ಳೂ ಅಲ್ಲ. ಕೊನೆಕೊನೆಗೆ ಸುತ್ತಲಿನ ಊರುಗಳ ಕಸ ತಂದು ಆ ಗುಂಡಿಗೇ ಸುರಿಯುತ್ತಿದ್ದರು. 1988ರ ತನಕ ಹಾಗೇ ನಡೆದಿತ್ತು. ಆಮೇಲೆ ಬೆಲುಂ ಊರಿನವರೇ ಕೆಲವರು, ಅವರಲ್ಲಿ ಒಬ್ಬರು ನಿವೃತ್ತ ಪೊಲೀಸ್ ಅಧಿಕಾರಿ, ಸರ್ಕಾರದ ಜೊತೆ ನಿಂತು ಅದನ್ನು ಉಳಿಸಿದರು. ನಿಮ್ಮ ಮಗಳ ಪ್ರಾಜೆಕ್ಟಿನಲ್ಲಿ ಫೂಟ್ ಹೆಸರಿನ ಜೊತೆ ಈ ಊರಿನವರ ಮಾತೂ ಇರಲಿ.

ತುಂಗಾತೀರ
ಅಕ್ಕ, ಇದನ್ನು ಓದಿ ಹೇಳುತ್ತಿದ್ದಂತೆ ಮಗಳು ನೋಟ್‌ಬುಕ್ ತಂದು ಕೂತಳು. ನಿಮ್ಮತ್ತೆಯವರಿಗೆ ನಮಸ್ಕಾರ ಹೇಳಿ.

ಕಲ್ಲುಮಣ್ಣು
ಭೂವಿಜ್ಞಾನದ ಮೇಷ್ಟ್ರಾಗಿದ್ದೆ, ಈಗ ನಿವೃತ್ತಿ. ಇಲ್ಲಿ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದೇವೆ, ಗೊಂದಲ ಅಲ್ಲೇ ಇರುವುದು. ಗವಿ ಇದೆ ಅಂತ ತಿಳಿದಿರುವುದು ಒಂದು. ಇದೆ ಅಂತ ಕಾಗದದ ಮೇಲೆ ಬರೆಯುವುದು ಇನ್ನೊಂದು. ಒಳಗೆ ಹೋಗಿ ಅಳೆದು ನಕ್ಷೆ ಮಾಡುವುದು ಮತ್ತೊಂದು.

ಮೂರನೆಯದನ್ನು ಮಾಡಿದ್ದು ಜರ್ಮನಿಯ ಡೇನಿಯಲ್ ಗೆಬಾವರ್ ಮತ್ತು ಅವರ ತಂಡ, 1982ರಿಂದ ಮುಂದೆ. ಫೂಟ್ ಬರೆದ ಮೇಲೆ ಸುಮಾರು ನೂರು ವರ್ಷ ಯಾರೂ ಆ ಕಡೆ ಸರಿಯಾಗಿ ತಲೆ ಹಾಕಿರಲಿಲ್ಲ. ಗವಿ ಅಳೆಯುವುದು ಹೇಗೆ ಗೊತ್ತಾ? ಒಬ್ಬ ಟೇಪಿನ ಒಂದು ತುದಿ ಹಿಡಿದು ನಿಲ್ಲುತ್ತಾನೆ. ಇನ್ನೊಬ್ಬ ಕಣ್ಣಿಗೆ ಕಾಣುವಷ್ಟು ದೂರ ಹೋಗಿ ನಿಲ್ಲುತ್ತಾನೆ. ದೂರ ಎಷ್ಟು, ದಿಕ್ಕು ಯಾವುದು, ಇಳಿಜಾರು ಎಷ್ಟು, ಮೂರನ್ನೂ ಮತ್ತೊಬ್ಬ ಬರೆದುಕೊಳ್ಳುತ್ತಾನೆ. ಗೋಡೆ ಎಡಕ್ಕೆಷ್ಟು, ಬಲಕ್ಕೆಷ್ಟು ಅಂತ ಚಿತ್ರ ಬಿಡಿಸುತ್ತಾನೆ. ಮತ್ತೆ ಮುಂದಕ್ಕೆ. ಒಂದೊಂದು ಕವಲಿಗೂ ಹೀಗೇ, ಕೆಲವು ಕಡೆ ಹೊಟ್ಟೆಯ ಮೇಲೆ ತೆವಳಿಕೊಂಡು. ಬೆಲುಂನ 3229 ಮೀಟರ್ ಉದ್ದ ಅನ್ನುವ ಅಂಕಿ ಹೀಗೆ ಅಳೆದು ಬಂದದ್ದು. ಅದರಲ್ಲಿ ಪ್ರವಾಸಿಗಳಿಗೆ ತೆರೆದಿರುವುದು ಅರ್ಧದಷ್ಟು, ಒಂದೂವರೆ ಕಿಲೋಮೀಟರ್. ಒಳಗಿನ ಒಂದು ಹಜಾರಕ್ಕೆ ಗೆಬಾವರ್ ಹೆಸರೇ ಇದೆ.

ಹೊಸಪೇಟೆ_ಮಂಜು
ಅದೇ ನನಗೆ ಬೇಜಾರು. ನೂರು ವರ್ಷದಲ್ಲಿ ನಮ್ಮವರೊಬ್ಬರಿಗೂ ಒಳಗೆ ಹೋಗಬೇಕು ಅನ್ನಿಸಲಿಲ್ಲವಾ? ಜರ್ಮನಿಯವರೇ ಬರಬೇಕಾಯಿತಾ?

ಕಲ್ಲುಮಣ್ಣು
ಮಂಜು, ನಿಮ್ಮ ಬೇಜಾರು ಅರ್ಥವಾಗುತ್ತದೆ. ಆದರೆ ಗವಿ ಅಳೆಯುವ ಹವ್ಯಾಸಕ್ಕೆ ಆಗ ನಮ್ಮಲ್ಲಿ ಸಂಘವೂ ಇರಲಿಲ್ಲ, ಸಲಕರಣೆಯೂ ಇರಲಿಲ್ಲ. ಆಮೇಲೆ ಕಥೆ ಬದಲಾಗಿದೆ. ಮೇಘಾಲಯದಲ್ಲಿ 1990ರ ದಶಕದಿಂದ ಅಲ್ಲಿನ ಸ್ಥಳೀಯರೂ ಹೊರದೇಶದವರೂ ಸೇರಿ ವರ್ಷ ವರ್ಷ ಗವಿಗಳನ್ನು ಅಳೆಯುತ್ತಿದ್ದಾರೆ. ಗೆಬಾವರ್ ಅಲ್ಲಿಗೂ ಹೋಗಿದ್ದರು.

ಸಹ್ಯಾದ್ರಿಸಾಲು
ಬೆಲುಂ ಬಗ್ಗೆ ನಡೆಯುತ್ತಿರುವ ಈ ಜಗಳ ಬೊರ್ರಾ ಗುಹೆಗೆ ಇನ್ನೂ ಜಾಸ್ತಿ ಅನ್ವಯಿಸುತ್ತದೆ. ಅರಕು ಕಣಿವೆಯ ಬೊರ್ರಾ ಗುಹೆಯನ್ನು 1807ರಲ್ಲಿ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಲಿಯಂ ಕಿಂಗ್ ಜಾರ್ಜ್ ಕಂಡುಹಿಡಿದರು ಅಂತ ಸಿಕ್ಕ ಸಿಕ್ಕ ಕಡೆಯೆಲ್ಲ ಬರೆದಿದ್ದಾರೆ. ಒಂದು ನಿಮಿಷ ಯೋಚಿಸಿ. ಆ ಸರ್ವೇಕ್ಷಣೆ ಶುರುವಾದದ್ದೇ 1851ರಲ್ಲಿ! ಇಲಾಖೆ ಹುಟ್ಟುವ 44 ವರ್ಷ ಮೊದಲು ಇಲಾಖೆಯವರು ಗುಹೆ ಹೇಗೆ ಕಂಡುಹಿಡಿದರು?

ಸರ್ವೇಕ್ಷಣೆಯಲ್ಲಿ ವಿಲಿಯಂ ಕಿಂಗ್ ಅನ್ನುವವರು ಇದ್ದದ್ದು ನಿಜ. ಆದರೆ ಅವರು ಫೂಟ್ ಕಾಲದವರು. 1863ರಲ್ಲಿ ಅತ್ತಿರಂಪಾಕ್ಕಂನಲ್ಲಿ ಕಲ್ಲಿನ ಉಪಕರಣ ಸಿಕ್ಕಾಗ ಫೂಟ್ ಜೊತೆ ಇದ್ದವರು ಇದೇ ಕಿಂಗ್. ಮುಂದೆ ಆ ಇಲಾಖೆಯ ಮುಖ್ಯಸ್ಥರೂ ಆದರು. 1807ಕ್ಕೂ ಅವರಿಗೂ ಸಂಬಂಧವೇ ಇಲ್ಲ. ಯಾರೋ ಒಬ್ಬರು ತಪ್ಪು ಬರೆದರು, ಉಳಿದವರೆಲ್ಲ ನಕಲು ಮಾಡಿದರು.

ಬಳ್ಳಾರಿಬಂಡೆ
ವಾಹ್! ಇದನ್ನು ನಾನು ಗಮನಿಸಿಯೇ ಇರಲಿಲ್ಲ. ಎಷ್ಟು ಸಲ ಓದಿದ್ದೇನೋ ಆ 1807 ಅನ್ನುವುದನ್ನು.

ಕರಾವಳಿಗಾಳಿ
ಬೊರ್ರಾಕ್ಕೆ ಹೋದಾಗ ಅಲ್ಲಿನವರು ನಮಗೆ ಬೇರೆ ಕಥೆ ಹೇಳಿದರು. ಗುಡ್ಡದ ಮೇಲೆ ಮೇಯುತ್ತಿದ್ದ ಹಸು ಒಂದು ತೂತಿನಲ್ಲಿ ಬಿದ್ದುಹೋಯಿತಂತೆ. ದನಗಾಹಿ ಹುಡುಕಿಕೊಂಡು ಕೆಳಗೆ ಬಂದು ನೋಡಿದರೆ ಒಳಗೆ ಲಿಂಗದ ಆಕಾರದ ಕಲ್ಲು, ಹಸು ಜೀವಂತ. ಆ ಲಿಂಗವೇ ಹಸುವನ್ನು ಕಾಪಾಡಿತು ಅಂತ ನಂಬಿ ಪೂಜೆ ಶುರು ಮಾಡಿದರು. ಈಗಲೂ ಸುತ್ತಲಿನ ಊರಿನವರು ಅಲ್ಲಿ ಪೂಜೆ ಮಾಡುತ್ತಾರೆ. ನನಗೆ ಕೇಳಿದರೆ ಆ ದನಗಾಹಿಯೇ ಮೊದಲಿಗ.

ಕೋಟೆಬಾಗಿಲು
ಇದು ಮಾತು.

ಸಹ್ಯಾದ್ರಿಸಾಲು
ಕಥೆ ಚೆನ್ನಾಗಿದೆ, ಆದರೆ ಅದನ್ನು ಇತಿಹಾಸ ಅಂತ ಬರೆಯಲಾಗದು. ಇಂಥ ಹಸುವಿನ ಕಥೆ ನಮ್ಮ ಎಷ್ಟೋ ದೇವಸ್ಥಾನಗಳಿಗೂ ಇದೆ.

ಕರಾವಳಿಗಾಳಿ
1807ರ ಕಥೆಯನ್ನು ಇತಿಹಾಸ ಅಂತ ಅಷ್ಟು ಜನ ಬರೆದರಲ್ಲ! ದನಗಾಹಿ ಇದ್ದದ್ದಂತೂ ನಂಬುವ ಮಾತು. ಗುಡ್ಡದಲ್ಲಿ ದಿನಾ ತಿರುಗುವವರು ದನ ಕಾಯುವವರೇ. ತೂತು ಎಲ್ಲಿದೆ ಅಂತ ಅವರಿಗಿಂತ ಮೊದಲು ಯಾರಿಗೆ ಗೊತ್ತಾಗುತ್ತದೆ?

ಅಡುಗೆಮನೆ_ಶಾರದ
ಇತಿಹಾಸ ಆಯಿತು. ಅಷ್ಟು ದೊಡ್ಡ ಕಲ್ಲಿನೊಳಗೆ ಅಷ್ಟು ದೊಡ್ಡ ತೂತು ಆದದ್ದು ಹೇಗೆ ಅಂತ ನನ್ನಂಥವರಿಗೆ ಯಾರಾದರೂ ಸುಲಭವಾಗಿ ಹೇಳುತ್ತೀರಾ?

ಕಲ್ಲುಮಣ್ಣು
ಶಾರದಮ್ಮ, ನಿಮ್ಮ ಅಡುಗೆ ಕಟ್ಟೆಗೆ ಕಡಪ ಕಲ್ಲು ಹಾಕಿಸಿದ್ದೀರಾ? ಕಪ್ಪನೆಯ ನುಣುಪು ಚಪ್ಪಡಿ? ನಿಂಬೆಹಣ್ಣು ಹಿಂಡುವಾಗ ರಸ ಅದರ ಮೇಲೆ ಬಿದ್ದು, ಒರೆಸದೆ ಬಿಟ್ಟರೆ ಬೆಳಿಗ್ಗೆ ನೋಡಿ. ಬಿದ್ದ ಜಾಗದಲ್ಲಿ ಹೊಳಪು ಹೋಗಿ ಬೆಳ್ಳಗೆ ಮಂಕಾದ ಕಲೆ ಇರುತ್ತದೆ. ಎಷ್ಟು ಉಜ್ಜಿದರೂ ಹೋಗಲ್ಲ. ಅದು ಕೊಳೆ ಅಲ್ಲ, ಅಲ್ಲಿ ಕಲ್ಲೇ ಸ್ವಲ್ಪ ಕರಗಿಹೋಗಿದೆ.

ಕಡಪ ಕಲ್ಲು ಅಂದರೆ ಸುಣ್ಣದಕಲ್ಲು. ಬೆಲುಂ ಗುಹೆ ಆಗಿರುವುದೂ ಅದೇ ಸೀಮೆಯ ಕಪ್ಪು ಸುಣ್ಣದಕಲ್ಲಿನಲ್ಲಿ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈ ಆಕ್ಸೈಡ್ ಹೀರಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಸೋಡಾ ನೀರಿನ ಹಾಗೆ. ನಿಂಬೆರಸದಷ್ಟು ಹುಳಿ ಅಲ್ಲ, ಆದರೆ ಅದಕ್ಕೆ ಅವಸರ ಇಲ್ಲ. ಕಲ್ಲಿನ ಬಿರುಕಿನಲ್ಲಿ ಇಳಿದು ಸಾವಿರಾರು, ಲಕ್ಷಾಂತರ ವರ್ಷ ಕರಗಿಸುತ್ತಾ ಹೋಗುತ್ತದೆ. ಬಿರುಕು ಕೊಳವೆಯಾಗುತ್ತದೆ, ಕೊಳವೆ ಸುರಂಗವಾಗುತ್ತದೆ. ಆಮೇಲೆ ನೀರಿನ ಮಟ್ಟ ಕೆಳಗಿಳಿದರೆ ಒಳಗೆ ಗಾಳಿ ತುಂಬಿ ಗವಿಯಾಗುತ್ತದೆ. ಎಲ್ಲೋ ಒಂದು ಕಡೆ ಚಾವಣಿ ಕುಸಿದರೆ ಹೊಲದ ನಡುವೆ ಗುಂಡಿ. ತುಂಗಾತೀರ ಅವರು ಇಳಿದದ್ದು ಅಂಥ ಗುಂಡಿಗೇ.

ಇನ್ನು ಚಾವಣಿಯಿಂದ ಇಳಿಬಿದ್ದ ಸುಣ್ಣದ ಕೊಂಬುಗಳು. ಅದು ಇದರ ಉಲ್ಟಾ ಕೆಲಸ. ಕಲ್ಲು ಕರಗಿಸಿಕೊಂಡ ನೀರು ಚಾವಣಿಯಿಂದ ತೊಟ್ಟಿಕ್ಕುವಾಗ ಆ ಗ್ಯಾಸ್ ಗಾಳಿಗೆ ಬಿಟ್ಟುಕೊಡುತ್ತದೆ. ಆಗ ಸುಣ್ಣವನ್ನು ಹಿಡಿದಿಟ್ಟುಕೊಳ್ಳಲು ಆಗದೆ ಅಲ್ಲೇ ಬಿಟ್ಟುಹೋಗುತ್ತದೆ. ತೊಟ್ಟಿಗೊಂದು ಕಣ. ಒಂದು ಕೊಂಬು ಒಂದು ಗೇಣು ಬೆಳೆಯುವುದಕ್ಕೆ ಎಷ್ಟೋ ತಲೆಮಾರು ಬೇಕು.

ಅಡುಗೆಮನೆ_ಶಾರದ
ಅಯ್ಯೋ ದೇವರೇ! ನಮ್ಮ ಕಟ್ಟೆಯ ಮೇಲೆ ಸಿಂಕ್ ಪಕ್ಕ ಸರಿಯಾಗಿ ಅಂಥ ಐದಾರು ಕಲೆ ಇವೆ. ಹತ್ತು ವರ್ಷದಿಂದ ಉಜ್ಜುತ್ತಿದ್ದೇನೆ. ಈಗ ಸಮಾಧಾನ ಆಯಿತು, ಇನ್ನು ಉಜ್ಜುವುದಿಲ್ಲ.

ನಂದಿತಪ್ಪಲು
ನಾವು ಚಿಕ್ಕಬಳ್ಳಾಪುರದವರು ಒಂದು ಮಾತು ಸೇರಿಸಬೇಕು. ಬೆಲುಂ ಗವಿಯನ್ನು ಕೊರೆದದ್ದು ಚಿತ್ರಾವತಿ ಹೊಳೆಯ ನೀರು, ಹಿಂದೆ ಅದು ಆ ಕಡೆ ಹರಿಯುತ್ತಿತ್ತು ಅಂತ ಹೇಳುತ್ತಾರೆ. ಚಿತ್ರಾವತಿ ಹುಟ್ಟುವುದು ನಮ್ಮ ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ. ಬಾಗೇಪಲ್ಲಿ ದಾಟಿ, ಪುಟ್ಟಪರ್ತಿ ಮೇಲೆ ಹೋಗಿ ಗಂಡಿಕೋಟೆ ಹತ್ತಿರ ಪೆನ್ನಾರಿಗೆ ಸೇರುತ್ತದೆ. ಈಗ ಗವಿಯಿಂದ ಎಷ್ಟೋ ದೂರದಲ್ಲಿ ಹರಿಯುತ್ತದೆ. ಗವಿ ತೆಲುಗು ನಾಡಿನದು, ನೀರು ನಮ್ಮ ಬೆಟ್ಟದ್ದು.

ಸೀಮೆಸೊಸೆ
ನನ್ನ ಹಾಗೆಯೇ ಅನ್ನಿ. ಹುಟ್ಟಿದ್ದು ಅಲ್ಲಿ, ಬಂದು ಸೇರಿದ್ದು ಇಲ್ಲಿ.

ಮೈಸೂರುಮಲ್ಲಿಗೆ೨೨
ನನ್ನದೊಂದು ಸಿಟ್ಟು ಇದೆ, ಹೇಳಿಬಿಡುತ್ತೇನೆ. ಬೆಲುಂನಲ್ಲಿ ಸಪ್ತಸ್ವರ ಗುಹೆ ಅಂತ ಒಂದು ಜಾಗ ಇದೆಯಲ್ಲ, ಅಲ್ಲಿ ಕಲ್ಲಿನ ಕೊಂಬುಗಳಿಗೆ ಬಡಿದರೆ ಲೋಹದ ಸದ್ದು ಬರುತ್ತದೆ. ನಾವು ಹೋದಾಗ ಗುಂಪಿನಲ್ಲಿದ್ದ ಎಲ್ಲರೂ ಸಾಲಾಗಿ ನಿಂತು ಬೆರಳಿನಿಂದ ಬಡಿದರು. ಒಬ್ಬ ಹುಡುಗ ನೀರಿನ ಬಾಟಲಿಯಿಂದ ಬಡಿದ. ಯಾರೂ ಬೇಡ ಅನ್ನಲಿಲ್ಲ. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ.

ಹೊಸಪೇಟೆ_ಮಂಜು
ಸಪ್ತಸ್ವರ ಅಂತ ಹೆಸರಿಟ್ಟ ಮೇಲೆ ಬಡಿಯದೆ ಹೇಗೆ ಕೇಳುವುದು ಮೇಡಂ? ಹಂಪಿಯಲ್ಲೂ ವಿಠ್ಠಲ ದೇವಸ್ಥಾನದ ಕಂಬ ಬಡಿದು ಕೇಳುತ್ತಿದ್ದೆವು.

ಮೈಸೂರುಮಲ್ಲಿಗೆ೨೨
ಹಂಪಿಯಲ್ಲಿ ಈಗ ಬಡಿಯಲು ಬಿಡುವುದಿಲ್ಲ, ಹೊಸಪೇಟೆಯವರಿಗೆ ನಾನು ಹೇಳಬೇಕಾ? ಬಡಿದು ಬಡಿದು ಕಂಬ ಹಾಳಾಗುತ್ತದೆ ಅಂತಲೇ ನಿಲ್ಲಿಸಿದ್ದು.

ಹೊಸಪೇಟೆ_ಮಂಜು
ಅದು ಸರಿ. ಒಪ್ಪಿದೆ.

ಕಲ್ಲುಮಣ್ಣು
ಬಡಿಯುವುದು ಬಿಡಿ, ಮುಟ್ಟುವುದೇ ತಪ್ಪು. ನಮ್ಮ ಕೈಯಲ್ಲಿ ಎಣ್ಣೆಯ ಜಿಡ್ಡು ಇರುತ್ತದೆ. ಅದು ಕೊಂಬಿಗೆ ಹತ್ತಿದರೆ ನೀರು ಅಲ್ಲಿ ಹರಡದೆ ಜಾರಿಹೋಗುತ್ತದೆ, ಸುಣ್ಣ ಕೂರುವುದಿಲ್ಲ, ಬೆಳವಣಿಗೆ ನಿಲ್ಲುತ್ತದೆ. ಸಾವಿರ ಜನ ಮುಟ್ಟಿದ ಕೊಂಬು ಕಪ್ಪಗೆ ಜಿಡ್ಡುಗಟ್ಟಿರುವುದನ್ನು ನೀವೇ ನೋಡಿರುತ್ತೀರಿ.

ದೀಪದ್ದೂ ಒಂದು ತೊಂದರೆ. ಬೆಳಕೇ ಕಾಣದ ಕಲ್ಲಿಗೆ ದಿನಾ ಬಲ್ಬಿನ ಬೆಳಕು ಬಿದ್ದರೆ ಅಲ್ಲಿ ಹಸಿರು ಪಾಚಿ ಹತ್ತುತ್ತದೆ. ಪ್ರಪಂಚದ ಎಲ್ಲ ಪ್ರವಾಸಿ ಗುಹೆಗಳಿಗೂ ಈ ಕಾಟ ಇದೆ. ಮುಂದಿನ ಸಲ ಹೋದಾಗ ಬಲ್ಬುಗಳ ಸುತ್ತ ನೋಡಿ.

ಮರುಭೂಮಿಕನ್ನಡಿಗ
ನಾನು ಅಮೆರಿಕದ ಅರಿಜೋನಾದಲ್ಲಿರುವುದು. ಇಲ್ಲಿ ಕಾರ್ಚ್ನರ್ ಕ್ಯಾವರ್ನ್ಸ್ ಅಂತ ಒಂದು ಸುಣ್ಣದಕಲ್ಲಿನ ಗುಹೆ ಇದೆ. ಅದರ ಕಥೆಯನ್ನು ನಿಮ್ಮ ಮಗಳಿಗೆ ಹೇಳಲೇಬೇಕು.

1974ರಲ್ಲಿ ಇಬ್ಬರು ಯುವಕರು, ರ‍್ಯಾಂಡಿ ಟಫ್ಟ್ಸ್ ಮತ್ತು ಗ್ಯಾರಿ ಟೆನೆನ್, ಗುಡ್ಡದಲ್ಲಿ ಒಂದು ಸಣ್ಣ ಬಿರುಕಿನಿಂದ ಬಿಸಿ, ತೇವದ ಗಾಳಿ ಬರುವುದನ್ನು ಗಮನಿಸಿ ಒಳಗೆ ತೂರಿದರು. ಒಳಗೆ ಯಾರೂ ಮುಟ್ಟದ ಗವಿ. ಅವರು ಏನು ಮಾಡಿದರು ಗೊತ್ತಾ? ಯಾರಿಗೂ ಹೇಳಲಿಲ್ಲ. ಹೇಳಿದರೆ ಜನ ನುಗ್ಗಿ ಕೊಂಬು ಮುರಿದುಕೊಂಡು ಹೋಗುತ್ತಾರೆ ಅಂತ ಗೊತ್ತಿತ್ತು. ನಾಲ್ಕು ವರ್ಷ ಆದ ಮೇಲೆ ಜಮೀನಿನ ಮಾಲೀಕರಾದ ಕಾರ್ಚ್ನರ್ ಕುಟುಂಬಕ್ಕೆ ಹೇಳಿದರು. ಅವರೂ ಗುಟ್ಟು ಕಾಪಾಡಿದರು. 1988ರಲ್ಲಿ ರಾಜ್ಯ ಸರ್ಕಾರ ಕೊಂಡಿತು. ಜನರಿಗೆ ತೆರೆದದ್ದು 1999ರಲ್ಲಿ. ಅಂದರೆ ನೋಡಿ 25 ವರ್ಷ!

ನಾವು ಹೋದಾಗ ಒಂದರ ಹಿಂದೆ ಒಂದು ಗಟ್ಟಿ ಬಾಗಿಲು ದಾಟಿಸಿದರು, ಒಳಗಿನ ತೇವ ಹೊರಗೆ ಹೋಗಬಾರದು ಅಂತ. ಕ್ಯಾಮೆರಾ ಇಲ್ಲ, ಮೊಬೈಲ್ ಇಲ್ಲ. ಹೆಂಡತಿಯ ಭುಜ ತಿರುವಿನಲ್ಲಿ ಗೋಡೆಗೆ ಸ್ವಲ್ಪ ತಾಗಿತು. ಗೈಡ್ ತಕ್ಷಣ ಆ ಜಾಗಕ್ಕೆ ಗುರುತು ಹಾಕಿದರು, ಆಮೇಲೆ ತೊಳೆಯುತ್ತಾರಂತೆ. ಬೇಸಿಗೆಯಲ್ಲಿ ದೊಡ್ಡ ಹಜಾರವನ್ನು ಪೂರ್ತಿ ಮುಚ್ಚುತ್ತಾರೆ. ಯಾಕೆಂದರೆ ಆಗ ಬಾವಲಿಗಳು ಮರಿ ಹಾಕುವ ಕಾಲ.

ಮೈಸೂರುಮಲ್ಲಿಗೆ೨೨
ಇದೇ ನಾನು ಹೇಳುವುದು! ನಮ್ಮಲ್ಲಿ ಯಾಕೆ ಆಗಬಾರದು?

ಸೀಮೆಸೊಸೆ
ಮೇಡಂ, ನಿಮ್ಮ ಕಾಳಜಿ ನನಗೂ ಇದೆ. ಬಡಿಯುವುದು ನಿಲ್ಲಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಗುಟ್ಟಾಗಿ ಇಟ್ಟಿದ್ದರೆ ಚೆನ್ನಾಗಿರುತ್ತಿತ್ತು ಅನ್ನುವ ಮಾತು ಬೆಲುಂಗೆ ಹೊಂದುವುದಿಲ್ಲ. ಅರಿಜೋನಾದ ಗವಿ ಯಾರಿಗೂ ಗೊತ್ತಿರಲಿಲ್ಲ. ಬೆಲುಂ ಎಲ್ಲರಿಗೂ ಗೊತ್ತಿತ್ತು, ಯಾರಿಗೂ ಬೇಕಿರಲಿಲ್ಲ. ಅದಕ್ಕೇ ಕಸ ತುಂಬಿದ್ದು. 1999ರಲ್ಲಿ ಪ್ರವಾಸೋದ್ಯಮ ನಿಗಮದವರು ವಹಿಸಿಕೊಂಡು, ಹೂಳು ತೆಗೆದು, ದಾರಿ ಮಾಡಿ, ದೀಪ ಹಾಕಿ, ಒಳಗೆ ಗಾಳಿ ಹೋಗಲು ಕೊಳವೆ ಇಳಿಸಿದರು. 2002ರ ಫೆಬ್ರವರಿಯಲ್ಲಿ ಜನರಿಗೆ ತೆರೆದರು. ಜನ ಬರಲು ಶುರುವಾದ ಮೇಲೇ ಊರಿನವರಿಗೆ ಅದು ನಮ್ಮ ಆಸ್ತಿ ಅನ್ನಿಸಿದ್ದು. ನಮ್ಮವರ ಪೈಕಿ ಒಬ್ಬ ಹುಡುಗ ಅಲ್ಲಿ ಸೋಡಾ ಅಂಗಡಿ ಇಟ್ಟು ತಂಗಿಯ ಮದುವೆ ಮಾಡಿದ.

ಸುತ್ತ ನೋಡಿ. ಸಿಮೆಂಟ್ ಕಾರ್ಖಾನೆಗಳು, ಚಪ್ಪಡಿ ಕಲ್ಲಿನ ಗಣಿಗಳು. ಈ ಸುಣ್ಣದಕಲ್ಲು ಎಲ್ಲರಿಗೂ ಬೇಕು. ಟಿಕೆಟ್ ಕೊಂಡು ನೋಡಲು ಜನ ಬರುತ್ತಾರೆ ಅನ್ನುವುದೂ ಆ ಗವಿಗೆ ಒಂದು ಕಾವಲು.

ಮರುಭೂಮಿಕನ್ನಡಿಗ
ಅಕ್ಕ, ಈ ಕಡೆಯಿಂದ ನಾನು ನೋಡಿರಲಿಲ್ಲ. ಒಪ್ಪುತ್ತೇನೆ. ಬಡಿಯುವುದನ್ನು ನಿಲ್ಲಿಸಲು ಮಾತ್ರ ಹಣ ಬೇಕಿಲ್ಲ, ಒಬ್ಬರು ನಿಂತು ಬೇಡ ಅಂದರೆ ಸಾಕು.

ಯಕ್ಷಪ್ರಶ್ನೆ
ನಡುವೆ ಬಂದದ್ದಕ್ಕೆ ಕ್ಷಮಿಸಿ. ಬೆಲುಂ ಭಾರತದ ಎರಡನೇ ಅತಿ ಉದ್ದದ ಗುಹೆ ಅಂತ ಓದಿದ್ದೆ. ನಿಜವಾ? ಪ್ರಾಜೆಕ್ಟಿಗೆ ಬೇಕಾಗಬಹುದು.

ಸಹ್ಯಾದ್ರಿಸಾಲು
ಈಗ ಹಾಗೆ ಬರೆಯಬೇಡಿ. ಮೇಘಾಲಯದ ಕ್ರೆಂ ಲಿಯಾಟ್ ಪ್ರಾ 30 ಕಿಲೋಮೀಟರಿಗೂ ಉದ್ದ. ಅಲ್ಲೇ 20 ಕಿಲೋಮೀಟರ್ ದಾಟಿದ ಗುಹೆಗಳು ಇನ್ನೂ ಇವೆ. ಕ್ರೆಂ ಅಂದರೆ ಖಾಸಿ ಭಾಷೆಯಲ್ಲಿ ಗವಿ. 3229 ಮೀಟರಿನ ಬೆಲುಂ ಎರಡನೆಯದಾಗುವುದು ಹೇಗೆ? ಬಯಲು ಸೀಮೆಯ ಗುಹೆಗಳಲ್ಲಿ ಅತಿ ಉದ್ದ ಅಂದರೆ ಸರಿ. ಒಳಗೆ ಪಾತಾಳಗಂಗೆ ಅನ್ನುವ ನೀರಿನ ತೊರೆ ಇರುವ ಜಾಗ ನೆಲಮಟ್ಟದಿಂದ 46 ಮೀಟರ್ ಆಳ, ಅದನ್ನೂ ಬರೆಯಲಿ. ಜಿಲ್ಲೆ ಕರ್ನೂಲು ಅಂತ ಬರೆದರೆ ಮೇಷ್ಟ್ರು ಮಾರ್ಕ್ಸ್ ಕಳೆಯಬಹುದು, 2022ರಿಂದ ಅದು ನಂದ್ಯಾಲ ಜಿಲ್ಲೆ.

ದಾಂಡೇಲಿದಾರಿ
ಎಲ್ಲರೂ ಆಂಧ್ರ, ಮೇಘಾಲಯ, ಅಮೆರಿಕ ಅಂತೀರಲ್ಲ. ನಮ್ಮ ದಾಂಡೇಲಿ ಕಾಡಿನ ಕವಳಾ ಗುಹೆ ಸುಣ್ಣದಕಲ್ಲಿನದೇ. ತೊಟ್ಟಿಕ್ಕಿದ ನೀರಿನಿಂದಲೇ ಬೆಳೆದ ಶಿವಲಿಂಗ ಒಳಗಿದೆ. ಶಿವರಾತ್ರಿಗೆ ಸುತ್ತಲಿನ ಜನ ಹೋಗಿ ಪೂಜೆ ಮಾಡುತ್ತಾರೆ. ಅದನ್ನು ಕಂಡುಹಿಡಿದವರು ಯಾರು ಅಂತ ನಮ್ಮಲ್ಲಿ ಯಾರೂ ಕೇಳಿಲ್ಲ.

ಸಹ್ಯಾದ್ರಿಸಾಲು
ಯಾಣವನ್ನೂ ಸೇರಿಸಿ. ಭೈರವೇಶ್ವರ ಶಿಖರ 120 ಮೀಟರ್, ಮೋಹಿನಿ ಶಿಖರ 90 ಮೀಟರ್, ಎರಡೂ ಕಪ್ಪು ಸುಣ್ಣದಕಲ್ಲು.

ಕೋಟೆಬಾಗಿಲು
ಯಾಣ ಸುಣ್ಣದಕಲ್ಲಾ? ಅಷ್ಟು ಕಪ್ಪಗಿದೆಯಲ್ಲ. ನಾನು ಇಷ್ಟು ದಿನ ಕರಿಕಲ್ಲು ಅಂದುಕೊಂಡಿದ್ದೆ.

ಅಡುಗೆಮನೆ_ಶಾರದ
ಕಡಪ ಕಲ್ಲೂ ಕಪ್ಪಗೇ ಇರುತ್ತದಲ್ಲ ಅಣ್ಣ!

ಕಲ್ಲುಮಣ್ಣು
ಶಾರದಮ್ಮ ನನ್ನ ಕೆಲಸ ಮುಗಿಸಿದರು. ಬಣ್ಣ ನೋಡಿ ಕಲ್ಲು ಹೇಳಲು ಬರುವುದಿಲ್ಲ.

ತುಂಗಾತೀರ
ಎಲ್ಲರಿಗೂ ತುಂಬಾ ಧನ್ಯವಾದ. ನಿನ್ನೆ ರಾತ್ರಿ ಮಗಳು ಪ್ರಾಜೆಕ್ಟ್ ಮುಗಿಸಿದಳು. ಮೊದಲ ಪುಟದಲ್ಲಿ ಅವಳು ಬರೆದದ್ದನ್ನು ಹಾಗೇ ಹಾಕುತ್ತೇನೆ:

"ಸನ್ಯಾಸಿಗಳು ಒಳಗೆ ಕೂತರು. ಊರಿನವರು ಬಿಲ ಅಂತ ಹೆಸರಿಟ್ಟರು. ಮೇಕೆ ಕಾಯುವವರು ಮಕ್ಕಳಿಗೆ ಹುಷಾರು ಅಂದರು. 1884ರಲ್ಲಿ ಫೂಟ್ ಬರೆದಿಟ್ಟರು. 1982ರಲ್ಲಿ ಗೆಬಾವರ್ ಅಳೆದರು. 2002ರಲ್ಲಿ ಬಾಗಿಲು ತೆರೆಯಿತು. 2002ಕ್ಕೆ ಮೊದಲು ಬಂದಿದ್ದರೆ ನಾನು ನೋಡಲು ಆಗುತ್ತಿರಲಿಲ್ಲ."

ಇದರ ಪಕ್ಕ ಕಡಪ ಕಲ್ಲಿನ ಒಂದು ಚೂರು ಅಂಟಿಸಿ, ಅದರ ಮೇಲೆ ನಿಂಬೆರಸದಿಂದ ಗುಹೆಯ ನಕ್ಷೆ ಬರೆದಿದ್ದಾಳೆ. ಬೆಳಿಗ್ಗೆ ಏಳುವಷ್ಟರಲ್ಲಿ ಬೆಳ್ಳಗೆ ಮೂಡಿತ್ತು.

ಕಲ್ಲುಮಣ್ಣು
ಮೂವತ್ತು ವರ್ಷ ಪಾಠ ಮಾಡಿದೆ, ನನಗೆ ಇದು ಹೊಳೆದಿರಲಿಲ್ಲ. ಮಗುವಿಗೆ ನನ್ನ ಆಶೀರ್ವಾದ.

ಬಳ್ಳಾರಿಬಂಡೆ
ಬಳ್ಳಾರಿಗೆ ಬರುವಾಗ ತಿಳಿಸಿ. ಮ್ಯೂಸಿಯಂ ನಾನೇ ತೋರಿಸುತ್ತೇನೆ.

ಸೀಮೆಸೊಸೆ
ಮಗಳು ಬರೆದದ್ದನ್ನು ತೆಲುಗಿನಲ್ಲಿ ಅತ್ತೆಗೆ ಓದಿ ಹೇಳಿದೆ. ಮೇಕೆ ಕಾಯುವವರು ಅನ್ನುವ ಸಾಲನ್ನು ಎರಡು ಸಲ ಓದಿಸಿದರು. ಆಮೇಲೆ ಒಂದು ಮಾತು ಹೇಳಿದರು, ನನಗೆ ಇಷ್ಟು ವರ್ಷ ಗೊತ್ತಿರಲಿಲ್ಲ. ಅವರು ಒಂದು ಸಲವೂ ಒಳಗೆ ಇಳಿದಿಲ್ಲವಂತೆ. ಮೊಮ್ಮಕ್ಕಳು ಹೋಗುವಾಗಲೂ ಮೇಲೆ ಬುದ್ಧನ ಪ್ರತಿಮೆಯ ಹತ್ತಿರ ಕೂತಿರುತ್ತಿದ್ದರಂತೆ. ಈಗ ನೋಡಬೇಕು ಅನ್ನುತ್ತಿದ್ದಾರೆ. ಮಂಡಿ ನೋವಿದೆ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಇತ್ತೀಚೆಗೆ ಹೋದವರು ಹೇಳಿ, ಆಗುತ್ತದಾ?

ತುಂಗಾತೀರ
ಪಾತಾಳಗಂಗೆಯ ತನಕ ಬೇಡ ಅಕ್ಕ. ಅಲ್ಲಿ ಇಳಿಜಾರು ಜಾಸ್ತಿ, ಕೆಲವು ಕಡೆ ಬಗ್ಗಿ ಹೋಗಬೇಕು, ಸೆಕೆಗೆ ನಮಗೇ ಉಸಿರು ಬಿಗಿಯಾಯಿತು. ಮೊದಲು ಡಾಕ್ಟರನ್ನು ಕೇಳಿ. ಅವರು ಸರಿ ಅಂದರೆ, ಗುಂಡಿಯ ಮೆಟ್ಟಿಲನ್ನು ನಿಧಾನವಾಗಿ ಇಳಿಸಿ ಸಿಂಹದ್ವಾರ ಅನ್ನುವ ಕಲ್ಲಿನ ಕಮಾನಿನ ತನಕ ಕರೆದುಕೊಂಡು ಹೋಗಬಹುದು. ಗಾಳಿ ಬಿಡುವ ಕೊಳವೆ ಇರುವ ಕಡೆ ನಿಲ್ಲಿಸಿಕೊಳ್ಳಿ. ಬೆಳಿಗ್ಗೆ ತೆರೆದ ತಕ್ಷಣ ಹೋದರೆ ಜನ ಕಡಿಮೆ. ಹತ್ತಿ ಸೀರೆ ಉಟ್ಟುಕೊಳ್ಳಲಿ, ಕುಡಿಯುವ ನೀರು ನೀವೇ ಹಿಡಿದುಕೊಳ್ಳಿ.

ಸೀಮೆಸೊಸೆ
ಆಯಿತು. ಡಾಕ್ಟರ ಹತ್ತಿರ ಸೋಮವಾರ ಹೋಗುತ್ತೇವೆ.